ಮಗು ಬಾಲ ನ್ಯಾಯ ಮಂಡಳಿ ಮುಂದೆ ಹೋಗಬೇಕಾದಾಗ ಮನೆಯವರು ಏನು ಮಾಡಬೇಕು?

ಹದಿನಾರರ ಹುಡುಗನನ್ನು ಪೊಲೀಸರು ಕರೆದುಕೊಂಡು ಹೋದರು ಅಂದರೆ ಮನೆಯವರ ಕಣ್ಣ ಮುಂದೆ ಬರುವುದು ಲಾಕಪ್, ಕಟಕಟೆ, ಜೈಲು. ಆದರೆ 18 ತುಂಬದವರನ್ನು ಲಾಕಪ್‌ನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಅವರ ಪ್ರಕರಣ ಹೋಗುವುದು ಬಾಲ ನ್ಯಾಯ ಮಂಡಳಿಗೆ. ಅಲ್ಲಿನ ದಾರಿಯೇ ಬೇರೆ, ಗಡುವುಗಳೇ ಬೇರೆ. ಇದು ಗೊತ್ತಿಲ್ಲದೆ ಎಷ್ಟೋ ತಂದೆ ತಾಯಿ ಮೊದಲ ದಿನಗಳನ್ನು ಅವರಿವರ ಹಿಂದೆ ಅಲೆದು ಕಳೆದುಬಿಡುತ್ತಾರೆ. ಮಗುವಿನ ಪಾಲಿಗೆ ಜಾಸ್ತಿ ಬೆಲೆ ಇರುವುದು ಆ ದಿನಗಳಿಗೇ.

ಈ ಮಂಡಳಿ ಬಂದದ್ದು ಹೇಗೆ?

ಮಕ್ಕಳಿಗೆಂದೇ ಪ್ರತ್ಯೇಕ ಕೋರ್ಟು ಅಮೆರಿಕದ ಷಿಕಾಗೋದಲ್ಲಿ 1899ರಲ್ಲಿ ಶುರುವಾಯಿತು. ನಮ್ಮಲ್ಲಿ 1919-20ರ ಜೈಲು ಸಮಿತಿ ಮಕ್ಕಳನ್ನು ದೊಡ್ಡವರ ಜೊತೆ ಜೈಲಿಗೆ ಹಾಕುವುದನ್ನು ವಿರೋಧಿಸಿತು. ಮದ್ರಾಸಿನಲ್ಲಿ 1920, ಬಂಗಾಳದಲ್ಲಿ 1922, ಬಾಂಬೆಯಲ್ಲಿ 1924ರಲ್ಲಿ ಮಕ್ಕಳ ಕಾಯ್ದೆಗಳು ಬಂದವು. ದೇಶದ ಬಹುಭಾಗಕ್ಕೆ ಒಂದೇ ಕಾಯ್ದೆ ಸಿಕ್ಕಿದ್ದು 1986ರಲ್ಲಿ. ಆಗ ಹುಡುಗರಿಗೆ 16, ಹುಡುಗಿಯರಿಗೆ 18 ಎಂದು ವಯಸ್ಸಿನ ಗೆರೆ ಎಳೆದಿದ್ದರು. 1992ರಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. 2000ದ ಕಾಯ್ದೆ ಇಬ್ಬರಿಗೂ 18 ಎಂದಿತು, ಕೋರ್ಟಿನ ಜಾಗಕ್ಕೆ ಮಂಡಳಿಯನ್ನು ತಂದಿತು. 2012ರ ಡಿಸೆಂಬರ್‌ನ ದೆಹಲಿ ಸಾಮೂಹಿಕ ಅತ್ಯಾಚಾರದ ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಿರಲಿಲ್ಲ, ಹಾಗಾಗಿ ಜನರ ಸಿಟ್ಟು ಈ ಕಾನೂನಿನ ಮೇಲೂ ತಿರುಗಿತು. ಹಾಗೆ ಬಂದ 2015ರ ಕಾಯ್ದೆಯೇ 2016ರ ಜನವರಿ 15ರಿಂದ ಜಾರಿಯಲ್ಲಿದೆ.

ಮಂಡಳಿಯಲ್ಲಿ ಮೂವರಿರುತ್ತಾರೆ. ಒಬ್ಬರು ಪ್ರಧಾನ ಮ್ಯಾಜಿಸ್ಟ್ರೇಟ್. ಇನ್ನಿಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಆ ಇಬ್ಬರನ್ನು ಸುಮ್ನೆ ಲೆಕ್ಕಕ್ಕೆ ಕೂರಿಸಿದ್ದಲ್ಲ. ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದಲ್ಲಿ ಕನಿಷ್ಠ 7 ವರ್ಷ ದುಡಿದವರು, ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಕಾನೂನು, ಸಮಾಜಶಾಸ್ತ್ರದಂಥ ವಿಷಯದಲ್ಲಿ ಪದವಿ ಪಡೆದು ಅದೇ ವೃತ್ತಿಯಲ್ಲಿರುವವರು ಅವರು. ನನ್ನ ಪ್ರಕಾರ ಮಂಡಳಿಯ ಜೀವ ಇರುವುದೇ ಇವರಲ್ಲಿ. ಈ ಕುರ್ಚಿಗಳು ಖಾಲಿ ಬಿದ್ದರೆ ಅದು ಇನ್ನೊಂದು ಮ್ಯಾಜಿಸ್ಟ್ರೇಟ್ ಕೋರ್ಟು, ಅಷ್ಟೇ.

ಮೊದಲ 24 ಗಂಟೆ

ಪೊಲೀಸರು ಮಗುವನ್ನು ಹಿಡಿದ ಕೂಡಲೇ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಒಪ್ಪಿಸಬೇಕು. ಠಾಣೆಗೆ ಹೋದವರು ಮೊದಲು ಕೇಳಬೇಕಾದ್ದು ಆ ಅಧಿಕಾರಿಯನ್ನೇ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗು ಮಂಡಳಿ ಮುಂದೆ ಇರಬೇಕು. ಆ ದಿನ ಮಂಡಳಿ ಕೂತಿಲ್ಲವಾದರೆ ಒಬ್ಬ ಸದಸ್ಯರ ಮುಂದಾದರೂ ಹಾಜರುಪಡಿಸಬಹುದು. ಕೈಕೋಳ ಹಾಕುವಂತಿಲ್ಲ. ತಪ್ಪೊಪ್ಪಿಗೆಗೆ ಒತ್ತಾಯಿಸುವಂತಿಲ್ಲ. ಮಗುವಿನಿಂದ ಯಾವುದೇ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ, ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಪ್ರಕರಣ ಘೋರವಾಗಿಲ್ಲದಿದ್ದರೆ, ದೊಡ್ಡವರೂ ಅದರಲ್ಲಿ ಸೇರಿಲ್ಲದಿದ್ದರೆ, ಎಫ್‌ಐಆರ್ ಕೂಡ ಹಾಕುವ ಹಾಗಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಳ್ಳಬೇಕು.

ವಕೀಲರಿಗೆ ದುಡ್ಡಿಲ್ಲ ಎಂದು ಕೈಚೆಲ್ಲಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಮಕ್ಕಳ ಸಹಾಯವಾಣಿ 1098.

ವಯಸ್ಸಿನ ದಾಖಲೆ

ಇದನ್ನು ಅದೇ ದಿನ ಹುಡುಕಿಡಿ. ಕಾನೂನು ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆ ಅಥವಾ ಪಾಲಿಕೆ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆಯಂಥ ವೈದ್ಯಕೀಯ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲಿ ಇಲ್ಲ. ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನದ ವಯಸ್ಸು. ಆಗ 18 ತುಂಬಿರಲಿಲ್ಲ ಎಂಬುದನ್ನು ಯಾವ ಹಂತದಲ್ಲಾದರೂ, ತೀರ್ಪಾದ ಮೇಲೂ, ಹೇಳಿಕೊಳ್ಳಬಹುದು.

ಜಾಮೀನು

ದೊಡ್ಡವರಿಗೆ ಜಾಮೀನು ಸಿಗದ ಆರೋಪ ಇದ್ದರೂ ಮಗುವಿಗೆ ಜಾಮೀನು ಕೊಡುವುದೇ ನಿಯಮ. ನಿರಾಕರಿಸಲು ಕಾರಣಗಳು ಮೂರೇ: ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತದೆ, ಮಗುವಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ. ನಿರಾಕರಿಸಿದರೆ ಕಾರಣವನ್ನು ಬರೆದೇ ತೀರಬೇಕು. ಹಾಗಾಗಿ ಮನೆಯವರು ಖುದ್ದಾಗಿ ಹೋಗಿ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಎಲ್ಲಿ ಓದಿಸುತ್ತೀರಿ ಎಂದು ಸ್ಪಷ್ಟವಾಗಿ ಹೇಳಬೇಕು. ಜಾಮೀನಿನ ಷರತ್ತು ಪೂರೈಸಲು 7 ದಿನದೊಳಗೆ ಆಗಲಿಲ್ಲವೇ? ಷರತ್ತು ಸಡಿಲಿಸಲು ಮಗುವನ್ನು ಮತ್ತೆ ಮಂಡಳಿ ಮುಂದೆ ಕರೆತರಬೇಕು. ಬಡತನದಿಂದಾಗಿ ಮಗು ವೀಕ್ಷಣಾಲಯದಲ್ಲೇ (ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇಡುವ ಗೃಹ) ಉಳಿಯಬಾರದು ಎಂಬ ಕಾಳಜಿ ಇದರಲ್ಲಿದೆ.

ಪರಿವೀಕ್ಷಣಾಧಿಕಾರಿ ಮನೆಗೆ ಬಂದಾಗ

ಬಹಳ ಮಂದಿ ಎಡವುವುದು ಇಲ್ಲೇ. ಮಗುವಿನ ಹಿನ್ನೆಲೆ ವಿಚಾರಿಸಿ ಮಂಡಳಿಗೆ ತಿಳಿಸುವ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆಯ ಸ್ಥಿತಿ, ಶಾಲೆ, ಗೆಳೆಯರು, ದುಶ್ಚಟ, ಮಗು ಅನುಭವಿಸಿದ ಹಿಂಸೆ ಎಲ್ಲವೂ ಅದರಲ್ಲಿ ಬರುತ್ತದೆ. ಮರ್ಯಾದೆ ಹೋಗುತ್ತದೆ ಎಂದು ಮನೆಯವರು ಎಲ್ಲ ಚೆನ್ನಾಗಿದೆ ಅಂದುಬಿಡುತ್ತಾರೆ. ಅಪ್ಪನ ಕುಡಿತ, ಶಾಲೆ ಬಿಟ್ಟು ಗ್ಯಾರೇಜಿಗೆ ಹೋಗಿದ್ದು, ಯಾರೋ ದೊಡ್ಡವರು ಹುಡುಗನನ್ನು ಬಳಸಿಕೊಂಡದ್ದು, ಇದ್ಯಾವುದೂ ಮುಚ್ಚಿಡಬೇಕಾದ ವಿಷಯವಲ್ಲ. ಮಗುವಿಗೆ ಏನು ನೆರವು ಬೇಕು ಎಂದು ಮಂಡಳಿ ತೀರ್ಮಾನಿಸುವುದು ಈ ವರದಿ ನೋಡಿಯೇ. ನಿಜ ಹೇಳಿ. ಶಾಲೆಯ ಮೇಷ್ಟ್ರ ಜೊತೆ ಅಧಿಕಾರಿ ಮಾತಾಡುವಂತೆ ಮಾಡಿ. ಆಸ್ಪತ್ರೆಯ ಚೀಟಿಗಳಿದ್ದರೆ ತೋರಿಸಿ.

ವಿಚಾರಣೆ

ಮಂಡಳಿ ಮಾಮೂಲಿ ಕೋರ್ಟಿನ ಹಾಗಿರಬಾರದು ಎನ್ನುತ್ತವೆ ಈ ಕಾಯ್ದೆಯಡಿ ಬಂದ 2016ರ ನಿಯಮಗಳು. ಎತ್ತರದ ಪೀಠ ಇಲ್ಲ, ಕಟಕಟೆ ಇಲ್ಲ. ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಮಾತು ನಡೆಯಬೇಕು. ಮೊದಲು ಹಾಜರುಪಡಿಸಿದ ದಿನದಿಂದ 4 ತಿಂಗಳಲ್ಲಿ ವಿಚಾರಣೆ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು. ಸಣ್ಣ ಆರೋಪವಾಗಿದ್ದು ಆಗಲೂ ಮುಗಿಯದಿದ್ದರೆ ಪ್ರಕರಣವೇ ಕೊನೆಗೊಳ್ಳುತ್ತದೆ. ತಾರೀಕುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

16 ತುಂಬಿದವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ, ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚಿದ್ದರೆ, ದಾರಿ ಕವಲಾಗುತ್ತದೆ: ದೊಡ್ಡವರಂತೆ ವಿಚಾರಣೆ ನಡೆಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ಮಗುವಿನ ಮಾನಸಿಕ, ದೈಹಿಕ ಸಾಮರ್ಥ್ಯ, ಪರಿಣಾಮ ಅರಿಯುವ ಶಕ್ತಿ, ಘಟನೆಯ ಸಂದರ್ಭ ಇವನ್ನು ಮಂಡಳಿ 3 ತಿಂಗಳೊಳಗೆ ಅಳೆಯಬೇಕು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿಕೊಂಡವರು ಇಲ್ಲದಿದ್ದರೆ ತಜ್ಞರ ನೆರವು ಕಡ್ಡಾಯ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಥ ತಜ್ಞರು ನೋಡಿದ್ದಾರಾ ಎಂದು ವಕೀಲರ ಮೂಲಕ ಕೇಳಿ. ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ (ಮಂಡಳಿಗಿಂತ ಮೇಲಿನ, ಸೆಷನ್ಸ್ ಮಟ್ಟದ ಕೋರ್ಟು) ಹೋದರೂ, ದೊಡ್ಡವರಂತೆ ವಿಚಾರಣೆ ಬೇಕೇ ಎಂಬುದನ್ನು ಅದು ಸ್ವತಃ ನಿರ್ಧರಿಸಬೇಕು. 21 ತುಂಬುವವರೆಗೆ ಜೈಲಿನಲ್ಲಲ್ಲ, ಸುರಕ್ಷಿತ ಸ್ಥಳ ಎಂಬ ಪ್ರತ್ಯೇಕ ಸಂಸ್ಥೆಯಲ್ಲೇ ಇಡಬೇಕು. ಮರಣದಂಡನೆಯಾಗಲಿ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯಾಗಲಿ ಯಾವ ಕಾರಣಕ್ಕೂ ಇಲ್ಲ.

ಆದೇಶ ಬಂದ ಮೇಲೆ

ಬುದ್ಧಿ ಹೇಳಿ ಮನೆಗೆ ಕಳಿಸಬಹುದು. ಆಪ್ತಸಮಾಲೋಚನೆ, ಸಮುದಾಯ ಸೇವೆ, ದಂಡ ಅಥವಾ ಸನ್ನಡತೆಯ ಷರತ್ತಿನ ಮೇಲೆ ಬಿಡುಗಡೆ ಆಗಬಹುದು. ಕೊನೆಯ ಆಯ್ಕೆ ವಿಶೇಷ ಗೃಹ, ಅಂದರೆ ಇಂಥ ಮಕ್ಕಳನ್ನು ಇರಿಸಿ ತಿದ್ದುವ ಗೃಹ, ಅದೂ 3 ವರ್ಷ ಮೀರುವಂತಿಲ್ಲ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿ.

ಮಗುವಿನ ಹೆಸರು, ಫೋಟೊ, ಶಾಲೆ ಯಾವುದನ್ನೂ ಯಾರೂ ಪ್ರಕಟಿಸುವಂತಿಲ್ಲ. ಮೀರಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಂಡಳಿಯಲ್ಲಿ ಮುಗಿದ ಪ್ರಕರಣ ಮಗುವಿನ ಮುಂದಿನ ಓದು, ಕೆಲಸಕ್ಕೆ ಅನರ್ಹತೆ ಆಗುವುದಿಲ್ಲ. ಮೇಲ್ಮನವಿಯ ಅವಧಿ ಕಳೆದ ಮೇಲೆ ಪೊಲೀಸರ ಬಳಿಯ ದಾಖಲೆಯನ್ನು ನಾಶಮಾಡಲು ಮಂಡಳಿ ಆದೇಶಿಸಬೇಕು. ಆ ಆದೇಶ ಆಗಿದೆಯೇ ಎಂದು ಕೇಳಿ, ಪ್ರತಿ ಪಡೆದುಕೊಳ್ಳಿ.