ಮಂಗಳೂರಿನ ಸ್ಟಿಕ್ಕು, ದಾವಣಗೆರೆಯ ಬಿಸಿಲು

ನನ್ನ ಮೊದಲ ಕೈಕೆಲಸದ ಕ್ಯೂ, ಅಂದರೆ ಬಿಲಿಯರ್ಡ್ಸ್ ಥರದ ಪೂಲ್ ಆಟದ ಕೋಲು, ಕೊರಿಯರಿನಲ್ಲಿ ಬಂದಿದ್ದು ಜನವರಿಯಲ್ಲಿ. ಏಪ್ರಿಲ್ ಕೊನೆಗೆ ಕೈ ತಪ್ಪಿತು. ಕಳುವಾಗಲಿಲ್ಲ, ಸೊಟ್ಟಗಾಯಿತು.

ದಾವಣಗೆರೆಯ ಹದಡಿ ರಸ್ತೆ ಕಡೆಯ ಪಾರ್ಲರಿನಲ್ಲಿ ಪೂಲ್ ಆಡೋಕೆ ಶುರುಮಾಡಿ ಆಗ ಆರು ವರ್ಷ. ಅಲ್ಲಿ ಗೋಡೆಗೆ ಒರಗಿಸಿಟ್ಟ ಸ್ಟಿಕ್ಕುಗಳ ಹಣೆಬರಹ ನಿಮಗೂ ಗೊತ್ತಿರುತ್ತೆ: ಚೆಂಡಿಗೆ ತಾಗುವ ಚರ್ಮದ ಟಿಪ್ ಇದ್ದದ್ದು ನೆಟ್ಟಗಿರಲ್ಲ, ನೆಟ್ಟಗಿದ್ದದ್ದಕ್ಕೆ ಟಿಪ್ ಇರಲ್ಲ. ಬೇಸತ್ತು, ಮಂಗಳೂರಿನವರೊಬ್ಬರು ಮಾರುತ್ತಿದ್ದ ಹಳೆಯ ಕ್ಯೂ ಒಂದನ್ನು ಬರೀ ಫೋಟೋ ನೋಡಿ 26,000 ರೂಪಾಯಿಗೆ ತರಿಸಿದೆ. ಮುಂದಿನ ತುಂಡು, ಅಂದರೆ ಶಾಫ್ಟು, ಮೇಪಲ್ ಮರದ್ದು; ಬುಡದ ತುಂಡಿನಲ್ಲಿ ಕೂರಿಸಿದ ಕರಿಮರದ ನಾಲ್ಕು ಚೂಪು. ಬಂದ ದಿನ ಟೇಬಲ್ ಮೇಲೆ ಉರುಳಿಸಿದರೆ ಬಾಣದ ಹಾಗೆ ಹೋಯಿತು. ಮಾರಿದವರು ಸುಳ್ಳು ಹೇಳಿರಲಿಲ್ಲ.

ಬೇಸಿಗೆ ಏರುತ್ತಿದ್ದಂತೆ ಅದು ಉರುಳುವಾಗ ಕುಂಟತೊಡಗಿತು. ಕರಿಮರ ಮೇಪಲ್ಲಿಗೆ ಸೇರುವ ಗೆರೆಯ ಮೇಲೆ ಉಗುರು ಎಳೆದರೆ ಟಕ್ ಅಂತ ತಡೆಯುತ್ತಿತ್ತು. ಕಾಟಿನ ಕಾಲು, ತೊಟ್ಟಿಲ ಕಂಬ ತಿರುಗಿಸುವ ಲೇತಿನ ಅಜ್ಜಾರ ಹತ್ತಿರ ಒಯ್ದೆ. ಕನ್ನಡಕ ಏರಿಸಿ, ಕೋಲನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿದರು.

"ಎಲ್ಲಿಂದ ತಂದಿ ತಮ್ಮಾ?"

"ಮಂಗಳೂರು ಅಜ್ಜಾರೆ. ಹತ್ತು ವರ್ಷ ಆಡಿದ ಸ್ಟಿಕ್ಕು. ಅಲ್ಲಿ ಒಂಚೂರೂ ಸೊಟ್ಟ ಆಗಿರಲಿಲ್ಲವಂತೆ."

"ಅಲ್ಲಿ ನೀರು ಕುಡಕೊಂಡು ಕೂತಿದ್ದ ಮರ ಐತಿ ಇದು. ನಮ್ಮೂರ ಬಿಸಿಲಿಗೆ ಬಂದು ಈಗ ಒಣಗಾಕ ಹತ್ತೈತಿ. ಅದರದೇನು ತಪ್ಪು?"

ಹಳೆಯದರಲ್ಲಿ ಮರ ತನ್ನ ಆಟವೆಲ್ಲ ಆಡಿ ಮುಗಿಸಿರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಯಾವ ಊರಿನ ಹವೆಯಲ್ಲಿ ಅಂತ ಕೇಳಬೇಕಿತ್ತು, ಕೇಳಿರಲಿಲ್ಲ. ಶಾಫ್ಟನ್ನು ಮತ್ತೆ ಲೇತಿಗೆ ಹಾಕಿ ನೆಟ್ಟಗೆ ಮಾಡಿಕೊಡಿ ಅಂದೆ. ಅಜ್ಜಾರು ಒಪ್ಪಲಿಲ್ಲ. ನೆಟ್ಟಗಾಗುವಷ್ಟು ಕೆತ್ತಿದರೆ ಕೋಲು ಉಳಿಯಲ್ಲ, ಕಡ್ಡಿ ಉಳಿಯುತ್ತೆ ಅಂದರು. ಕೊನೆಗೆ ಇದ್ದದ್ದು ಇದ್ದಂಗೆ ಹೇಳಿ 9,000ಕ್ಕೆ ದಾಟಿಸಿದೆ.

ಸಿಟ್ಟಿಗೆ, ಇನ್ನು ಹೊಸದನ್ನೇ ಮಾಡಿಸುತ್ತೇನೆ ಅಂತ ಅಮೆರಿಕದ ಒಬ್ಬ ತಯಾರಕರಿಗೆ ಬರೆದೆ. ಹದಿನಾಲ್ಕು ತಿಂಗಳು ಕಾಯಬೇಕು, 1,100 ಡಾಲರ್, ಸಾಗಣೆ ಮತ್ತು ಕಸ್ಟಮ್ಸ್ ಬೇರೆ. ಕಾಯಿಸುವುದು ಸೊಕ್ಕಿಗಲ್ಲ. ಒಳ್ಳೆಯ ಕೆಲಸಗಾರರು ಶಾಫ್ಟನ್ನು ಒಂದೇ ಸಲ ತೆಳ್ಳಗೆ ಮಾಡುವುದಿಲ್ಲ. ಒಂದು ಪದರ ತೆಗೆದು ವಾರಗಟ್ಟಲೆ, ತಿಂಗಳುಗಟ್ಟಲೆ ತೂಗುಹಾಕುತ್ತಾರೆ, ಬಾಗಿದ್ದನ್ನು ಆಚೆ ಎಸೆದು ಉಳಿದದ್ದನ್ನು ಮತ್ತೆ ಕೆತ್ತುತ್ತಾರೆ. ಆ ಎಸೆದದ್ದರ ದುಡ್ಡನ್ನೂ ನಾವೇ ಕೊಡುವುದು.

ಅದೆಲ್ಲ ಒಪ್ಪಿದೆ. ಸಿಕ್ಕಿಬಿದ್ದದ್ದು ಅವರು ಕಳಿಸಿದ ಹಾಳೆಯಲ್ಲಿ. ಶಾಫ್ಟಿನ ತುದಿ ಎಷ್ಟು ಮಿಲಿಮೀಟರ್? ತುದಿಯಿಂದ ಎಷ್ಟು ಇಂಚಿನ ತನಕ ಒಂದೇ ದಪ್ಪ? ಎರಡು ತುಂಡು ಸೇರುವ ಜಾಯಿಂಟ್ ಸ್ಟೀಲಾ, ಮರಕ್ಕೆ ಮರವಾ? ಹಿಡಿಗೆ ಐರಿಷ್ ಲಿನನ್ ದಾರವಾ, ಚರ್ಮವಾ, ಬರೀ ಮರವಾ? ತೂಕ? ಬೆರಳ ಮೇಲಿಟ್ಟರೆ ಎಲ್ಲಿ ಸಮ ತೂಗಬೇಕು? ಒಟ್ಟು ಹದಿಮೂರು ಪ್ರಶ್ನೆ. ತೂಕಕ್ಕೆ 19 ಔನ್ಸ್ ಅಂತ ಬರೆದೆ, ಅದೂ ಯಾರೋ ಹೇಳಿದ್ದನ್ನು ಕೇಳಿ. ಉಳಿದದ್ದಕ್ಕೆ ಪೆನ್ನು ಏಳಲಿಲ್ಲ. ದರ್ಜಿಯ ಹತ್ತಿರ ಅಳತೆ ಕೊಡೋಕೆ ಹೋಗಿ ನನ್ನ ಮೈಯೇ ನನಗೆ ಗೊತ್ತಿಲ್ಲ ಅಂದಂಗಾಯಿತು. ಹಾಳೆಯನ್ನು ಮಡಚಿ ಒಳಗಿಟ್ಟೆ.

ಮತ್ತೆ ಹಳೆಯದರ ಹುಡುಕಾಟ. ಈ ಸಲ ಒಂದೇ ಶರತ್ತು, ಕೈಯಲ್ಲಿ ಹಿಡಿದು ಆಡದೆ ದುಡ್ಡು ಬಿಚ್ಚೋದಿಲ್ಲ. ಹಳೆಯದೆಲ್ಲ ಅಗ್ಗ ಅಂದುಕೊಂಡಿದ್ದೆ, ಅದೂ ತಪ್ಪು. 1959ರಲ್ಲಿ ಕ್ಯೂ ಮಾಡಲು ಶುರುಮಾಡಿದ ಅಮೆರಿಕದ ಹೆಸರಾಂತ ಕೆಲಸಗಾರ ಜಾರ್ಜ್ ಬಲಬುಷ್ಕ 1975ರಲ್ಲಿ ತೀರಿಕೊಂಡರು. ಅವರ ಕೈಯ ಕ್ಯೂ ಇನ್ನು ಹೊಸದಾಗಿ ಹುಟ್ಟುವುದಿಲ್ಲ, ಹಾಗಾಗಿ ಇವತ್ತು ಅದು ಸಂಗ್ರಹಕಾರರ ಮಾಲು, ನಮ್ಮಂಥವರದ್ದಲ್ಲ. ನಾನು ಹುಡುಕಿದ್ದು ಬದುಕಿರುವ, ಹೆಸರು ಇನ್ನೂ ದೊಡ್ಡದಾಗದ ಕೆಲಸಗಾರರ ಕ್ಯೂ.

ಬೆಂಗಳೂರಿನಲ್ಲಿ ಎರಡು ಸಿಕ್ಕವು. ಮೊದಲನೆಯ ಮನೆಯಲ್ಲಿ ಯಜಮಾನರು ಹೆಮ್ಮೆಯಿಂದ, "ತುದಿಯ ಬಿಳಿ ಬಳೆ ಆನೆ ದಂತದ್ದು, ಈಗ ಎಲ್ಲೂ ಸಿಗಲ್ಲ" ಅಂದರು. ಅಮೆರಿಕದ ಹಳೆಯ ಕ್ಯೂಗಳಲ್ಲಿ ದಂತ ಇರುವುದು ಹೌದು. ನಮ್ಮಲ್ಲಿ ದಂತದ ವ್ಯಾಪಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾಫಿ ಕುಡಿದು ಎದ್ದು ಬಂದೆ.

ಎರಡನೆಯವರು ಅವರ ಕ್ಲಬ್ಬಿಗೇ ಕರೆದರು. ಎರಡೂ ತುಂಡನ್ನು ಮೊದಲು ಬೇರೆ ಬೇರೆಯಾಗಿ ಉರುಳಿಸಿದೆ, ಆಮೇಲೆ ಜೋಡಿಸಿ. ಬಿಡಿಯಾಗಿ ನೆಟ್ಟಗಿದ್ದು ಜೋಡಿಸಿದಾಗ ಕುಂಟಿದರೆ ದೋಷ ಜಾಯಿಂಟಿನದು. ಟ್ಯೂಬ್‌ಲೈಟಿನ ಕೆಳಗೆ ಶಾಫ್ಟನ್ನು ತಿರುಗಿಸುತ್ತಾ ಬೆಳಕಿನ ಗೆರೆ ಎಲ್ಲಾದರೂ ಮುರಿಯುತ್ತಾ ನೋಡಿದೆ. ಅಜ್ಜಾರಿಂದ ಇಸಕೊಂಡು ಹೋಗಿದ್ದ ವರ್ನಿಯರ್ ಇಟ್ಟರೆ ತುದಿ 12.9 ಮಿಲಿಮೀಟರ್. ಹೊಸದರಲ್ಲಿ 13 ಇತ್ತಂತೆ, ಅಂದರೆ ಯಾರೂ ಉಪ್ಪುಕಾಗದ ಹಿಡಿದು ತಿಕ್ಕಿ ಸವೆಸಿಲ್ಲ. ಜಾಯಿಂಟಿನ ಮೇಲೆ ಬೆರಳು ಆಡಿಸಿದೆ: ತಿಕ್ಕಿಸಿಕೊಂಡ ಶಾಫ್ಟು ಅಲ್ಲಿ ಬುಡಕ್ಕಿಂತ ಕೂದಲೆಳೆಯಷ್ಟು ತಗ್ಗಿರುತ್ತೆ. ಇದರಲ್ಲಿ ಇಲ್ಲ. ಚೂಪಿನ ಗೆರೆಗಳ ಮೇಲೆ ಉಗುರು ಎಳೆದೆ, ತಡೆಯಲಿಲ್ಲ. ನಡುವೆ ಸಡಿಲವಾಗಿ ಹಿಡಿದು ಬುಡಕ್ಕೆ ಅಂಗೈಯಿಂದ ಗುದ್ದಿದೆ. ಒಳಗೆ ಏನಾದರೂ ಸಡಿಲವಾಗಿದ್ದರೆ ಜೀರುಂಡೆಯಂತೆ ಗುಯ್ ಅನ್ನುತ್ತೆ. ಇದು ಸುಮ್ಮನಿತ್ತು.

"ಹೆಣ್ಣು ನೋಡೋಕೂ ಇಷ್ಟು ಹೊತ್ತು ತಗೊಂಡಿರಲ್ಲ ನೀವು" ಅಂತ ಅವರು ನಕ್ಕರು. ನಗಲಿ. ಎಂಟು ವರ್ಷ ಹಳೆಯ ಈ ಕ್ಯೂ ಇಷ್ಟು ದಿನ ಎಲ್ಲಿತ್ತು ಅಂತ ಕೇಳಿದೆ. ಐದು ವರ್ಷ ಬಳ್ಳಾರಿ, ಆಮೇಲೆ ಬೆಂಗಳೂರು. ಬಳ್ಳಾರಿ ಅಂದ ಕೂಡಲೇ ನನ್ನ ಅರ್ಧ ಮನಸ್ಸು ಗಟ್ಟಿಯಾಯಿತು. ಅಲ್ಲಿ ಬೇಯದ ಮರ ದಾವಣಗೆರೆಯಲ್ಲಿ ಬೇಯುತ್ತಾ?

ಎರಡು ಗಂಟೆ ಆಡಿದೆ. ಬಿಳಿ ಚೆಂಡಿನ ನಟ್ಟನಡುವೆ ಹೊಡೆದು ಎದುರು ಕುಶನ್ನಿಗೆ ಕಳಿಸಿದರೆ ವಾಪಸ್ ಟಿಪ್ಪಿಗೇ ಬರಬೇಕು. ಆಮೇಲೆ ಸೈಡ್ ಹಾಕಿ, ಅಂದರೆ ಬಿಳಿ ಚೆಂಡಿನ ನಡುವೆ ಬಿಟ್ಟು ಪಕ್ಕಕ್ಕೆ ಹೊಡೆದು, ದೂರದ ಚೆಂಡನ್ನು ಗುಂಡಿಗೆ ಬೀಳಿಸುವ ಪಾಟ್‌ಗಳು, ಚೆಂಡು ಎಷ್ಟು ಪಕ್ಕಕ್ಕೆ ಜಾರುತ್ತೆ ನೋಡೋಕೆ. ಟಿಪ್ಪು ಸವೆದಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಕೆಲವು ನೂರು ರೂಪಾಯಿಯ ಮಾತು. 58,000 ಅಂದಿದ್ದರು, 49,000ಕ್ಕೆ ಮುಗಿಯಿತು.

ಇದು ಮೂರನೇ ಬೇಸಿಗೆ. ಕ್ಯೂ ಮನೆಯೊಳಗಿನ ಕಪಾಟಿನಲ್ಲಿ ಮಲಗಿರುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಒಂದು ಮಂಡಕ್ಕಿ ಮೆಣಸಿನಕಾಯಿ ತಿನ್ನುವಷ್ಟು ಹೊತ್ತೂ ಬಿಡುವುದಿಲ್ಲ. ಕುಂಟಿಲ್ಲ ಇನ್ನೂ.

ಹೋದ ತಿಂಗಳು ಆ ಮಡಚಿಟ್ಟ ಹಾಳೆ ತೆಗೆದೆ. ಈಗ ಉತ್ತರಗಳು ಕೈಯಲ್ಲೇ ಇದ್ದವು. ತುದಿ 12.75 ಸಾಕು, 13 ನನ್ನ ಬೆರಳಿಗೆ ಒಂದು ಗುಲಗಂಜಿ ಜಾಸ್ತಿ. ಜಾಯಿಂಟ್ ಮರಕ್ಕೆ ಮರ. ಹಿಡಿಗೆ ದಾರ, ನನ್ನ ಅಂಗೈ ಬೆವರುತ್ತೆ. ಬುಡದಿಂದ ಹದಿನೆಂಟೂವರೆ ಇಂಚಿಗೆ ಸಮ ತೂಗಬೇಕು. ಕೊನೆಯ ಪ್ರಶ್ನೆ, ಬುಡದಲ್ಲಿ ನಿಮ್ಮ ಹೆಸರು ಕೆತ್ತಬೇಕೇ ಅಂತ. ಬೇಡ ಅಂತ ಬರೆದೆ. ನಾಳೆ ನಾನೂ ಮಾರಬೇಕಾಗಬಹುದಲ್ಲ.