ಬರ್ನಿಂಗ್ ಸಿನಿಮಾದ ಬೆನ್ ನಿಜಕ್ಕೂ ಕೊಲೆಗಾರನಾ? ನಾನು ವಾದ ಮಾಡಿದ ರೀತಿ

ಮೊದ್ಲೇ ಹೇಳ್ಬಿಡ್ತೀನಿ, ಲೀ ಚಾಂಗ್-ಡಾಂಗ್ ಅವರ 2018ರ ಕೊರಿಯನ್ ಸಿನಿಮಾ 'ಬರ್ನಿಂಗ್' ನೋಡಿಲ್ಲ ಅಂದ್ರೆ ನೋಡ್ಕೊಂಡು ಬಂದು ಓದಿ, ಕ್ಲೈಮ್ಯಾಕ್ಸ್‌ವರೆಗೂ ಎಲ್ಲಾ ಬಿಚ್ಚಿ ಹೇಳ್ತಿದ್ದೀನಿ. ಹೇ-ಮಿ ಅನ್ನೋ ಹುಡುಗಿ ಕಾಣೆಯಾಗ್ತಾಳೆ, ಅವಳನ್ನ ಪ್ರೀತಿಸ್ತಿದ್ದ ಜೋಂಗ್-ಸುಗೆ ದುಡ್ಡಿರೋ ಬೆನ್ ಮೇಲೆ ಅನುಮಾನ, ಆದ್ರೆ ಹೆಣನೂ ಸಿಗಲ್ಲ. ನನ್ನ ಫ್ರೆಂಡ್ ಪ್ರಕಾರ ಬೆನ್ ಸೀರಿಯಲ್ ಕಿಲ್ಲರ್, ಮಾತೇ ಇಲ್ಲ. ನನಗೆ ಅಷ್ಟು ಸಲೀಸಾಗಿ ಒಪ್ಪಕ್ಕಾಗ್ಲಿಲ್ಲ.

ಹಂಗಾಗಿ ಸಿನಿಮಾ ಮತ್ತೆ ಹಾಕ್ಕೊಂಡು ನೋಟ್‌ಬುಕ್ಕಲ್ಲಿ ಪುಟದ ಮಧ್ಯ ಗೆರೆ ಎಳೆದೆ. ಎಡಗಡೆ ಕಣ್ಣಿಗೆ ಕಂಡಿದ್ದು, ಬಲಗಡೆ ಜೋಂಗ್-ಸು ತಾನಾಗೇ ಊಹಿಸ್ಕೊಂಡಿದ್ದು. ಪ್ರತಿ ಸುಳಿವಿಗೂ ಒಂದೇ ಪ್ರಶ್ನೆ, ಬೆನ್ ನಿರಪರಾಧಿ ಆಗಿದ್ರೂ ಇದು ಹೀಗೇ ಇರ್ಬಹುದಿತ್ತಾ?

ವಾಚ್ ತಗೊಳ್ಳಿ. ಜೋಂಗ್-ಸು ಹೇ-ಮಿಗೆ ಕೊಟ್ಟಿದ್ದಂಥದ್ದೇ ಪಿಂಕ್ ವಾಚ್ ಬೆನ್ ಬಾತ್‌ರೂಮ್ ಡ್ರಾಯರಲ್ಲಿ, ಬೇರೆ ಹೆಂಗಸರ ಸಣ್ಣಪುಟ್ಟ ಒಡವೆ ಜೊತೆ ಸಿಗುತ್ತೆ. ನೋಡಿದ ತಕ್ಷಣ ಎದೆ ಧಸಕ್ ಅನ್ನುತ್ತೆ. ಆದ್ರೆ ಅದು ಪ್ರಮೋಷನ್ ಲಾಟರಿಯಲ್ಲಿ ಬಂದ ಅಗ್ಗದ ಮಾಲು, ಹೇ-ಮಿ ಜೊತೆ ಕೆಲ್ಸ ಮಾಡ್ತಿದ್ದ ಹುಡುಗಿ ಕೈಯಲ್ಲೂ ಅಂಥದ್ದೇ ಒಂದಿದೆ.

ಬೆಕ್ಕಿನ ವಿಷ್ಯದಲ್ಲಿ ನಾವಿಬ್ರೂ ತುಂಬಾ ಹೊತ್ತು ಜಗಳ ಆಡಿದ್ವಿ. ಹೇ-ಮಿ ರೂಮಲ್ಲಿ ಅವಳ ಬೆಕ್ಕು ಬೊಯಿಲ್‌ಗೆ ಜೋಂಗ್-ಸು ಇಡೋ ಊಟ ಖಾಲಿ ಆಗ್ತಿತ್ತು, ಆದ್ರೆ ಬೆಕ್ಕು ಒಂದ್ಸಲನೂ ಕಾಣಲ್ಲ. ಆಮೇಲೆ ಬೆನ್ ಮನೆಯಲ್ಲಿ ಬೀದಿ ಬೆಕ್ಕು ಅಂತ ಹೇಳಿದ್ದು ತಪ್ಪಿಸ್ಕೊಂಡು ಪಾರ್ಕಿಂಗ್‌ಗೆ ಓಡುತ್ತೆ, ಜೋಂಗ್-ಸು ಬಗ್ಗಿ "ಬೊಯಿಲ್" ಅಂತ ಕರೀತಾನೆ, ಅದು ಬಂದೇ ಬಿಡುತ್ತೆ. ಫ್ರೆಂಡ್‌ಗೆ ಇದೇ ಬ್ರಹ್ಮಾಸ್ತ್ರ. ನಾನು ಕೇಳಿದ್ದಿಷ್ಟೇ, ಜೋಂಗ್-ಸು ಯಾವತ್ತೂ ನೋಡೇ ಇರದ ಬೆಕ್ಕನ್ನ ಅವನು ಹೆಂಗೆ ಗುರುತು ಹಿಡಿದ? ಮೆತ್ತಗೆ ಕೈ ಚಾಚಿದ್ರೆ ಬೇರೆ ಬೆಕ್ಕೂ ಬರ್ಬಹುದಲ್ವಾ?

ಗ್ರೀನ್‌ಹೌಸ್ ಕಥೆನೂ ಅಷ್ಟೇ. ಎರಡು ತಿಂಗಳಿಗೊಂದು ಗ್ರೀನ್‌ಹೌಸ್ ಸುಡ್ತೀನಿ, ಮುಂದಿನದು ನಿಮ್ಮನೆ ಹತ್ರಾನೇ ಅಂತ ಬೆನ್ ಹೇಳಿದ್ಮೇಲೆ ಜೋಂಗ್-ಸು ಪಾಜು ಊರಲ್ಲಿ ದಿನಾ ಓಡಾಡಿ ಹುಡುಕ್ತಾನೆ, ಒಂದೂ ಸುಟ್ಟಿಲ್ಲ, ಬೆನ್ ಮಾತ್ರ ಸುಟ್ಟಾಯ್ತು ಅಂತಾನೆ. ಗ್ರೀನ್‌ಹೌಸ್ ಅಂದ್ರೆ ಹುಡುಗಿ ಅಂತ ಅರ್ಥ ಮಾಡ್ಕೊಳ್ಳೋದು ಸುಲಭ, ಆದ್ರೆ ಹಂಗೆ ಅರ್ಥ ಮಾಡ್ಕೊಂಡವನು ಕಾದಂಬರಿ ಬರೀಬೇಕು ಅಂತ ಒದ್ದಾಡ್ತಿರೋ ಹುಡುಗ ಜೋಂಗ್-ಸು.

ನನ್ನ ವಾದಕ್ಕೆ ದೊಡ್ಡ ಬಲ ಸಿಕ್ಕಿದ್ದು ಕೊನೇಲಿ. ಜೋಂಗ್-ಸು ಹೇ-ಮಿ ರೂಮಲ್ಲಿ ಕೂತು ಬರೀತಾ ಇರ್ತಾನೆ, ಅದರ ನಂತರವೇ ಅವನಿಲ್ಲದ ಮೊದಲ ಸೀನು ಬರುತ್ತೆ, ಬೆನ್ ಹೊಸ ಗೆಳತಿಗೆ ಮೇಕಪ್ ಹಾಕ್ತಿರೋದು. ಅಲ್ಲೀವರೆಗೂ ಎಲ್ಲ ಅವನ ಕಣ್ಣಲ್ಲೇ ನೋಡಿದ್ವಿ, ಹಂಗಾದ್ರೆ ಇದು ಅವನು ಬರೆದ ಪುಟನೂ ಆಗಿರ್ಬಹುದು. ಅದಾದ್ಮೇಲೆ ಬಯಲಲ್ಲಿ ಕಾರಿಂದ ಇಳಿದ ಬೆನ್ ಕೇಳೋದು, ಹೇ-ಮಿ ಎಲ್ಲಿ, ಒಟ್ಟಿಗೆ ಸಿಗೋಣ ಅಂತ ನೀನೇ ಅಂದಿದ್ದೆ ಅಲ್ವಾ ಅಂತ. ಕೊಂದವನು ಅವಳು ಬರ್ತಾಳೆ ಅಂತ ನಂಬ್ಕೊಂಡು ಯಾಕೆ ಬರ್ತಾನೆ? ಫ್ರೆಂಡ್ ಹೇಳೋದು, ಅದು ಬರೀ ನಾಟಕ, ಇಲ್ಲಾಂದ್ರೆ ಕುತೂಹಲ. ಆಗ್ಬಹುದು, ಆದ್ರೆ ಅದು ಬಲಗಡೆ ಕಾಲಮ್ಮು.

ಹಿಂಗೆ ನೋಡ್ದಾಗ ನಾವು ಕಣ್ಣಾರೆ ನೋಡೋ ಕೊಲೆ ಒಂದೇ, ಜೋಂಗ್-ಸು ಬೆನ್‌ಗೆ ಚಾಕು ಹಾಕೋದು. ಅವನ ಅಪ್ಪನೂ ಕೋಪದಿಂದಲೇ ಕೋರ್ಟ್ ಮೆಟ್ಟಿಲು ಹತ್ತಿದವನು ಅನ್ನೋದು ಸಿನಿಮಾದಲ್ಲಿ ಬರುತ್ತಲ್ಲ, ಅದನ್ನ ಚರ್ಚೆ ಮಾಡೋರು ಎಷ್ಟು ಕಮ್ಮಿ ಅಂತ ನನಗೆ ನಿಜಕ್ಕೂ ಬೇಜಾರು.

ಒಂದು ಮಾತ್ರ ಇಬ್ರಿಗೂ ಬಗೆಹರಿದಿಲ್ಲ. ಹೇ-ಮಿ ನಂಬರಿಂದ ಬಂದ ಕೊನೇ ಕಾಲ್‌ನಲ್ಲಿ ಮಾತಿಲ್ಲ, ಬರೀ ಸದ್ದು, ಕಟ್ ಆಗುತ್ತೆ. ಅದು ಯಾವ ಕಾಲಮ್ಮಿಗೆ ಸೇರ್ಬೇಕು ಅಂತ ಫ್ರೆಂಡೂ ನಾನೂ ಇನ್ನೂ ಗುದ್ದಾಡ್ತಿದ್ದೀವಿ.