ಖರ್ದುಂಗ್ ಲಾಗೆ ಹೋಗುವ ಮುನ್ನ ಎರಡು ದಿನ ಸುಮ್ನೆ ಕೂರಿ

ಲಡಾಖ್‌ನ ಲೇಹ್‌ನಲ್ಲಿ ವಿಮಾನ ಇಳಿದ ಮರುದಿನ ಬೆಳಿಗ್ಗೆಯೇ ಖರ್ದುಂಗ್ ಲಾ ಎಂಬ ಎತ್ತರದ ಬೆಟ್ಟದ ಕಣಿವೆದಾರಿ ನೋಡಲು ಹೊರಟವರನ್ನು ಬೇಕಾದಷ್ಟು ಕಂಡಿದ್ದೇನೆ. ಮೇಲೆ ಹೋಗಿ ಕಾರಿನಲ್ಲೇ ತಲೆ ಹಿಡಿದುಕೊಂಡು ಕೂರುತ್ತಾರೆ, ಹಾಗೇ ವಾಪಸ್ ಬರುತ್ತಾರೆ. ಅಷ್ಟು ದೂರ ಬಂದು, ಅಷ್ಟು ದುಡ್ಡು ಸುರಿದು ಹೀಗಾದರೆ ನೋಡುವವರಿಗೂ ಸಂಕಟವಾಗುತ್ತದೆ.

ಮೊದಲು, ಮನೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ಒಳಗಿನ ದಿನ ನೋಡಿಕೊಳ್ಳಿ. ಪೋಸ್ಟ್‌ಪೇಯ್ಡ್ ಸಿಮ್ ಇರಲಿ, ನಮ್ಮ ಊರಿನ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಿಸಬೇಡಿ. ಎತ್ತರದ ಜಾಗದಲ್ಲಿ ತಲೆನೋವು, ಸುಸ್ತು ಬರದಿರಲೆಂದು ತೆಗೆದುಕೊಳ್ಳುವ ಡಯಾಮಾಕ್ಸ್ ಮಾತ್ರೆಯೂ ಅಷ್ಟೇ, ಪಕ್ಕದ ಮನೆಯವರು ಹೇಳಿದರೆಂದು ನುಂಗಬೇಡಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಆಮೇಲೆ, ಲೇಹ್‌ನಲ್ಲಿ ಎರಡು ದಿನ. ಎಲ್ಲರೂ ಎಡವುವುದು ಇಲ್ಲೇ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಖರ್ದುಂಗ್ ಲಾ 5,359 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧದಷ್ಟು. ಮೈ ಇದಕ್ಕೆ ಹೊಂದಿಕೊಳ್ಳಲು ದಿನಗಳೇ ಬೇಕು. ಜಿಮ್‌ಗೆ ಹೋಗುವವರಿಗೂ ರಿಯಾಯಿತಿ ಇಲ್ಲ.

ಮೊದಲ ದಿನ ರೂಮು ಬಿಟ್ಟು ಕದಲಬೇಡಿ. ಬ್ಯಾಗಿನಲ್ಲಿ ತಂದ ಚಿಪ್ಸ್ ಪ್ಯಾಕೆಟ್ ತೆಗೆದು ನೋಡಿ, ಬಲೂನಿನ ಹಾಗೆ ಬಿಗಿಯಾಗಿ ಉಬ್ಬಿರುತ್ತದೆ. ಹೊರಗಿನ ಗಾಳಿಯ ಒತ್ತಡ ಎಷ್ಟು ಇಳಿದಿದೆ ಎಂದು ಅದೇ ಹೇಳುತ್ತದೆ. ಮೆಟ್ಟಿಲನ್ನು ನಿಧಾನವಾಗಿ ಹತ್ತಿ. ಆಗಾಗ ನೀರು ಕುಡಿಯಿರಿ, ಅನ್ನ-ದಾಲ್‌ನಂಥ ಹಗುರ ಊಟ ಮಾಡಿ. ಮದ್ಯ, ನಿದ್ರೆ ಮಾತ್ರೆ ಬೇಡವೇ ಬೇಡ, ಎರಡೂ ಉಸಿರಾಟವನ್ನು ಕುಗ್ಗಿಸುತ್ತವೆ. ಎರಡನೇ ದಿನ ಸಂಜೆ ಮಾರ್ಕೆಟ್‌ನಲ್ಲಿ ಒಂದು ಸುತ್ತು, ಬೇಕಿದ್ದರೆ ಕಾರಿನಲ್ಲಿ ಶಾಂತಿ ಸ್ತೂಪ. ಅಷ್ಟೇ.

ಮೂರನೇ ದಿನ ಬೆಳಿಗ್ಗೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ತಲೆನೋವು ಇದೆಯಾ? ತಿಂಡಿ ಸೇರಿತಾ? ತಲೆ ನೋಯುತ್ತಿದ್ದರೆ ಹೊರಡಬೇಡಿ. "ಸ್ವಲ್ಪ ನೋವು ಅಷ್ಟೇ, ನನ್ನಿಂದ ಎಲ್ಲರ ಟ್ರಿಪ್ ಯಾಕೆ ಹಾಳಾಗಬೇಕು" ಎಂದು ಮುಚ್ಚಿಡುವುದೇ ದೊಡ್ಡ ಅಪಾಯ. ನಮ್ಮ ಗಾಡಿಯಲ್ಲೇ ಒಬ್ಬರು ಹೀಗೆ ಮುಚ್ಚಿಟ್ಟಿದ್ದರು. ಮೇಲೆ ಹೋಗುವ ದಾರಿಯ ಸೌತ್ ಪುಲ್ಲು ಚೆಕ್‌ಪೋಸ್ಟ್‌ನಲ್ಲಿ ಇಳಿದಾಗ ಅವರಿಗೆ ಜಾಕೆಟ್‌ನ ಜಿಪ್ ಸೇರಿಸಲು ಆಗಲಿಲ್ಲ. ಮೂರು ಸಲ ಪ್ರಯತ್ನಿಸಿದರು, ಬೆರಳು ಮಾತು ಕೇಳಲಿಲ್ಲ. ಡ್ರೈವರ್ ಅವರ ಉಗುರು ನೋಡಿದ. ನೇರಳೆ ಬಣ್ಣಕ್ಕೆ ತಿರುಗಿತ್ತು. ಯಾರನ್ನೂ ಕೇಳದೆ ಗಾಡಿ ತಿರುಗಿಸಿದ.

ಅಂಗಡಿಗಳಲ್ಲಿ ಮಾರುವ ಪುಟ್ಟ ಆಕ್ಸಿಜನ್ ಕ್ಯಾನ್ ನಂಬಿಕೊಂಡು ಮೇಲೆ ಹೋಗಬೇಡಿ, ಕೆಲವೇ ನಿಮಿಷಕ್ಕೆ ಖಾಲಿಯಾಗುತ್ತದೆ. ಕರ್ಪೂರ ಮೂಸಿದರೆ ಮೂಗು ಬಿಟ್ಟಂತೆ ಅನಿಸಬಹುದು, ಆಮ್ಲಜನಕ ಮಾತ್ರ ಒಂದಿಷ್ಟೂ ಜಾಸ್ತಿ ಆಗುವುದಿಲ್ಲ. ನಿಜವಾದ ಮದ್ದು ಕೆಳಗೆ ಇಳಿಯುವುದು.

ಗಾಡಿ ಮತ್ತು ಡ್ರೈವರ್. ಅಲ್ಲಿನ ಟ್ಯಾಕ್ಸಿ ಯೂನಿಯನ್ ದರ ಪಟ್ಟಿ ಮಾಡಿರುತ್ತದೆ, ಅದನ್ನು ನೋಡಿ ಮಾತಾಡಿ. ಶೇರ್ ಗಾಡಿ ಬೇಡ. ನಿಮಗೆ ಸುಸ್ತಾದರೆ ಅದು ನಿಮಗೋಸ್ಕರ ವಾಪಸ್ ತಿರುಗುವುದಿಲ್ಲ. ಎರಡು ಸಾವಿರ ಉಳಿಸಲು ಹೋಗಿ ಆ ಸ್ವಾತಂತ್ರ್ಯ ಕಳೆದುಕೊಳ್ಳಬೇಡಿ. ವಯಸ್ಸಾದ, ಅನುಭವಿ ಡ್ರೈವರ್ ಸಿಕ್ಕರೆ ಅವರನ್ನೇ ಹಿಡಿಯಿರಿ. "ಜುಲೇ" ಎಂದು ನಮಸ್ಕಾರ ಹೇಳಿ, ಮೈಯಲ್ಲಿ ಏನೇ ವ್ಯತ್ಯಾಸವಾದರೂ ಅವರಿಗೆ ಮೊದಲು ತಿಳಿಸಿ.

ಹೊರಡುವ ದಿನ. ಎಂಟು ಗಂಟೆಗೆಲ್ಲ ಹೊರಡಿ, ದಾರಿ ಸುಮಾರು 40 ಕಿಲೋಮೀಟರ್. ಒಂದೇ ದಪ್ಪ ಸ್ವೆಟರ್‌ಗಿಂತ ಮೂರು ತೆಳು ಪದರ ಒಳ್ಳೆಯದು. ಹಿಮದ ಮೇಲೆ ಬೀಳುವ ಬಿಸಿಲು ಕಣ್ಣು ಕೆಡಿಸುತ್ತದೆ, ಕಪ್ಪು ಕನ್ನಡಕ ಮರೆಯಬೇಡಿ.

ಮೇಲೆ ಇಪ್ಪತ್ತು ನಿಮಿಷ ಸಾಕು. ಓಡಬೇಡಿ, ಕುಣಿಯಬೇಡಿ. ಅಲ್ಲಿನ ಹಳೆಯ ಬೋರ್ಡು 18,380 ಅಡಿ ಎನ್ನುತ್ತದೆ. ಜಿಪಿಎಸ್ ಅಳತೆಯಲ್ಲಿ 17,582 ಅಡಿ. ಫೋಟೋಗೆ ಬೋರ್ಡಿನ ಮುಂದೆ ಸಾಲು ನಿಲ್ಲುವ ಬದಲು ಹತ್ತು ಹೆಜ್ಜೆ ದಕ್ಷಿಣಕ್ಕೆ ಬನ್ನಿ. ಪ್ರಾರ್ಥನಾ ಬಾವುಟಗಳು ಪಟಪಟ ಹೊಡೆದುಕೊಳ್ಳುತ್ತಿರುತ್ತವೆ. ಕೆಳಗೆ ಲೇಹ್ ಕಣಿವೆ, ಅದರಾಚೆ ಸ್ಟೋಕ್ ಬೆಟ್ಟಗಳ ಸಾಲು. ಒಂದು ಕಡೆ ನಿಂತು ಕಣ್ತುಂಬ ನೋಡಿ.

ಮಧ್ಯಾಹ್ನಕ್ಕೆ ಲೇಹ್‌ನಲ್ಲಿ ಬಿಸಿ ತುಕ್ಪಾ (ನೂಡಲ್ಸ್ ಸೂಪ್) ಕುಡಿಯಬಹುದು. ಆ ರಾತ್ರಿ ತಲೆನೋವಿಲ್ಲದೆ ನಿದ್ದೆ ಬಂದರೆ ಮಾತ್ರ ಮರುದಿನಕ್ಕೆ ಪ್ಯಾಂಗಾಂಗ್ ಸರೋವರಕ್ಕೆ ಗಾಡಿ ಗೊತ್ತು ಮಾಡಿ.